ಬೊಂಬೆ ಬೆವರುವುದಿಲ್ಲ

ಸಂಪಾದಕರಿಗೆ ನಮಸ್ಕಾರ,

ಆಕ್ಟಿವ್‌ವೇರ್, ಅಂದರೆ ವ್ಯಾಯಾಮಕ್ಕೆ, ಆಟಕ್ಕೆ ಹಾಕಿಕೊಳ್ಳುವ ಬಟ್ಟೆಗಳ ಕಲೆಕ್ಷನ್ ಶುರು ಮಾಡುವುದು ಹೇಗೆ ಅಂತ ನಿಮ್ಮ ಪುರವಣಿಯಲ್ಲಿ ಬಂದ ಲೇಖನವನ್ನು ಎರಡು ಸಲ ಓದಿದೆ. ಮೊದಲ ಸಲ ಖುಷಿಯಾಯ್ತು, ನಮ್ಮ ಕೆಲಸದ ಬಗ್ಗೆಯೂ ಪೇಪರಿನಲ್ಲಿ ಬರುತ್ತಲ್ಲ ಅಂತ. ಎರಡನೇ ಸಲ ಸ್ವಲ್ಪ ಸಿಟ್ಟು ಬಂತು. ಹೆಸರು ಇಡುವುದು, ಲೋಗೊ ಮಾಡಿಸುವುದು, ಈ ಸೀಸನ್ನಿನ ಬಣ್ಣ ಯಾವುದು, ಫೋಟೊಶೂಟ್ ಹೇಗಿರಬೇಕು, ಮೊಬೈಲಿನಲ್ಲಿ ಪ್ರಚಾರ ಹೇಗೆ, ಎಲ್ಲಾ ಇತ್ತು. ಬಟ್ಟೆಯ ಬಗ್ಗೆ ಇದ್ದದ್ದು ಒಂದೇ ಸಾಲು. 'ಒಳ್ಳೆಯ ಸ್ಟ್ರೆಚ್ ಬಟ್ಟೆ ಆರಿಸಿಕೊಳ್ಳಿ.' ಮನೆ ಕಟ್ಟುವುದರ ಬಗ್ಗೆ ನಾಲ್ಕು ಪುಟ ಬರೆದು, ಪಾಯ ಗಟ್ಟಿಯಾಗಿರಲಿ ಅಂತ ಒಂದು ಮಾತು ಹೇಳಿ ಎದ್ದು ಹೋದ ಹಾಗಾಯ್ತು.

ನಾನು ಸ್ಯಾಂಪಲ್ ರೂಮಿನವಳು. 17 ವರ್ಷದಿಂದ ಪ್ಯಾಟರ್ನ್, ಅಂದರೆ ಬಟ್ಟೆ ಕತ್ತರಿಸುವ ಕಾಗದದ ಅಚ್ಚು ಬಿಡಿಸುವುದು, ಸ್ಯಾಂಪಲ್ ಹೊಲಿಸುವುದು, ತಪ್ಪಿದ್ದನ್ನು ತಿದ್ದುವುದು, ಇದೇ ಕೆಲಸ. ಈಚಿನ 9 ವರ್ಷ ಪೂರ್ತಿ ಆಕ್ಟಿವ್‌ವೇರ್. ಹೊಸದಾಗಿ ಬ್ರ್ಯಾಂಡ್ ಮಾಡುತ್ತೇವೆ ಅಂತ ಬರುವವರನ್ನು ತುಂಬಾ ನೋಡಿದ್ದೇನೆ. ಉತ್ಸಾಹಕ್ಕೇನೂ ಕಡಿಮೆ ಇರುವುದಿಲ್ಲ. ಕೈಯಲ್ಲೊಂದು ಫೈಲು, ಅದರಲ್ಲಿ 24 ಡಿಸೈನು, 6 ಬಣ್ಣ, ಮೂರು ತಿಂಗಳಲ್ಲಿ ಮಾರಾಟ ಶುರುವಾಗಲೇಬೇಕು ಅನ್ನುವ ಹಟ. ಸ್ಯಾಂಪಲ್ ಹೊಲಿದು ಕೊಟ್ಟ ಕೂಡಲೇ ಅದನ್ನು ಬೊಂಬೆಗೆ ಹಾಕಿ ದೂರ ನಿಂತು ನೋಡುತ್ತಾರೆ. ತಲೆ ಓರೆ ಮಾಡಿ ಒಂದು ಫೋಟೊ ತೆಗೆಯುತ್ತಾರೆ. 'ಸೂಪರ್, ಮಾಡಿಬಿಡಿ' ಅನ್ನುತ್ತಾರೆ. ನನ್ನ ತಕರಾರು ಇರುವುದೇ ಇಲ್ಲಿ. ಬೊಂಬೆ ಬೆವರುವುದಿಲ್ಲ. ಬಗ್ಗುವುದಿಲ್ಲ, ಓಡುವುದಿಲ್ಲ, ಮೂವತ್ತು ಸಲ ಒಗೆದ ಮೇಲೆ ಅದೇ ಪ್ಯಾಂಟನ್ನು ಮತ್ತೆ ಹಾಕಿಕೊಂಡು ಕನ್ನಡಿ ಮುಂದೆ ನಿಲ್ಲುವುದಿಲ್ಲ. ಬೊಂಬೆಯ ಮೇಲೆ ನೋಡಿ ಆಕ್ಟಿವ್‌ವೇರ್ ಒಪ್ಪಿಕೊಳ್ಳುವುದು ಅಂದರೆ ನೀರಿಗೆ ಇಳಿಸದೆ ದೋಣಿ ಕೊಂಡ ಹಾಗೆ.

ಲೇಖನದಲ್ಲಿ ಮೊದಲು ಬಣ್ಣ, ಥೀಮು, ಆಮೇಲೆ ಬಟ್ಟೆ ಅಂತ ಇತ್ತು. ನಾನು ತಲೆಕೆಳಗು ಮಾಡಿ ಹೇಳುತ್ತೇನೆ. ಈ ಬಟ್ಟೆ ಹಾಕಿಕೊಂಡವರು ಏನು ಮಾಡುತ್ತಾರೆ ಅನ್ನುವುದು ಮೊದಲು ತೀರ್ಮಾನ ಆಗಬೇಕು. 'ಎಲ್ಲಾದಕ್ಕೂ ಆಗುತ್ತೆ' ಅನ್ನುವ ಉತ್ತರ ಬೇಡ. ಯೋಗ ಮಾಡುವವರು ನೆಲದ ಮೇಲೆ ಮಲಗುತ್ತಾರೆ, ಬೆನ್ನುಮೂಳೆಯ ಉದ್ದಕ್ಕೂ ದಪ್ಪ ಹೊಲಿಗೆ ಇದ್ದರೆ ಅದು ಒತ್ತುತ್ತೆ, ಸೊಂಟದ ಹಿಂದೆ ಜಿಪ್ ಇಟ್ಟರಂತೂ ಮುಗೀತು. ಓಡುವವರಿಗೆ ಬಟ್ಟೆ ಹಗುರ ಇರಬೇಕು, ಬೇಗ ಒಣಗಬೇಕು, ಜೇಬಿನಲ್ಲಿಟ್ಟ ಫೋನು ತೊಡೆಗೆ ಪಟಪಟ ಬಡಿಯಬಾರದು. ಭಾರ ಎತ್ತುವವರ ಕಥೆಯೇ ಬೇರೆ. ಒರಟು ಕಬ್ಬಿಣದ ರಾಡು ತೊಡೆಯ ಮುಂಭಾಗಕ್ಕೆ ಉಜ್ಜುತ್ತಾ ಮೇಲೆ ಬರುತ್ತೆ, ಅಲ್ಲಿ ಮೃದುವಾದ ಬಟ್ಟೆ ಹಾಕಿದರೆ ತಿಂಗಳೊಳಗೆ ಜೂಲು ಏಳುತ್ತೆ. ಈಜುವವರಿಗೆ ಕ್ಲೋರಿನ್ ಕಾಟ. ಬಟ್ಟೆಗೆ ಎಳೆತ ಕೊಡುವ ಸಾಮಾನ್ಯ ಸ್ಪ್ಯಾಂಡೆಕ್ಸ್ ನೂಲನ್ನು ಕ್ಲೋರಿನ್ ನಿಧಾನವಾಗಿ ತಿಂದುಹಾಕುತ್ತೆ, ಬಟ್ಟೆ ಜೋತು ಬೀಳುತ್ತೆ. ಈ ನಾಲ್ಕು ಜನಕ್ಕೂ ಒಂದೇ ಬಟ್ಟೆಯಲ್ಲಿ ಕಲೆಕ್ಷನ್ ಮಾಡುತ್ತೇನೆ ಅಂದರೆ ನಾಲ್ಕು ಜನಕ್ಕೂ ಅರೆಬರೆ ಬಟ್ಟೆ ಕೊಟ್ಟ ಹಾಗೆ.

ಮೊದಲ ಸಲಕ್ಕೆ ಐದಾರು ತುಂಡು ಸಾಕು. ಒಂದು ಲೆಗ್ಗಿಂಗ್, ಒಂದು ಶಾರ್ಟ್ಸ್, ಎರಡು ಟಾಪ್, ಮೇಲೆ ಹಾಕಿಕೊಳ್ಳಲು ಒಂದು ಜಾಕೆಟ್. ಹಾಸಿಗೆ ಇದ್ದಷ್ಟು ಕಾಲು ಚಾಚಿ ಅನ್ನುವುದು ಇದಕ್ಕೇ. ಡಿಸೈನ್ ಒಂದು ಜಾಸ್ತಿ ಆದರೆ ಹೆಚ್ಚುವುದು ಒಂದು ಚಿತ್ರ ಮಾತ್ರ ಅಂತ ಅಂದುಕೊಳ್ಳುತ್ತಾರೆ. ಆದರೆ ಅದರ ಬೆನ್ನಿಗೆ ಒಂದು ಪ್ಯಾಟರ್ನು, ಮೂರ್ನಾಲ್ಕು ಸಲ ಸ್ಯಾಂಪಲ್, ಎಲ್ಲಾ ಸೈಜಿನ ಅಳತೆ ಪಟ್ಟಿ, ಅದಕ್ಕೇ ಅಂತ ಎಲಾಸ್ಟಿಕ್ಕು, ಲೇಬಲ್ಲು, ಎಲ್ಲಾ ಬರುತ್ತೆ. ಬಣ್ಣವೂ ಹಾಗೇ. ಬಣ್ಣ ಹಾಕುವ ಡೈಯಿಂಗ್‌ನವರು ಒಂದು ಬಣ್ಣಕ್ಕೆ ಕನಿಷ್ಠ ಇಷ್ಟು ಕೆಜಿ ಅಂತ ಹೇಳುತ್ತಾರೆ. ಆರು ಬಣ್ಣ ಅಂದರೆ ಆರು ಸಲ ಅಷ್ಟಷ್ಟು ಬಟ್ಟೆ ಕೊಳ್ಳಬೇಕು. ಕೊನೆಗೆ ಕಪ್ಪು ಖಾಲಿಯಾಗಿ, ಆ ಚೆಂದದ ಪುದೀನ ಹಸಿರು ಗೋದಾಮಿನಲ್ಲಿ ಕೂತಿರುತ್ತೆ. ನಾನು ನೋಡಿದ ಮಟ್ಟಿಗೆ ಯಾವತ್ತೂ ಕಪ್ಪೇ ಮೊದಲು ಖಾಲಿ.

ಈಗ ಬಟ್ಟೆಯ ವಿಷಯ. ಇಲ್ಲಿ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ನಿಮ್ಮ ಲೇಖನದ ಆ ಒಂದು ಸಾಲಿಗೆ ಬದಲು ಅಂತ ಇಟ್ಟುಕೊಳ್ಳಿ. ಹತ್ತಿ ಬಟ್ಟೆ ಗಾಳಿಯಲ್ಲಿರುವ ತೇವವನ್ನೇ ತನ್ನ ತೂಕದ ಸುಮಾರು 7ರಿಂದ 8 ಶೇಕಡಾ ಹಿಡಿದಿಟ್ಟುಕೊಂಡಿರುತ್ತೆ. ನೈಲಾನ್ ಸುಮಾರು 4. ಪಾಲಿಯೆಸ್ಟರ್ ಅರ್ಧ ಶೇಕಡಾವೂ ಇಲ್ಲ, ಸುಮಾರು 0.4. ಬೆವರು ಬಂದಾಗ ಹತ್ತಿ ಅದನ್ನು ಕುಡಿದು ಭಾರವಾಗಿ ಮೈಗೆ ಅಂಟಿಕೊಳ್ಳುವುದೂ, ಪಾಲಿಯೆಸ್ಟರ್ ಟೀ ಶರ್ಟ್ ಅಷ್ಟು ಬೇಗ ಒಣಗುವುದೂ ಇದಕ್ಕೇ. ಹಾಗಂತ ಪಾಲಿಯೆಸ್ಟರ್ ಅಂದ ತಕ್ಷಣ ಬೆವರು ಎಳೆಯುತ್ತೆ ಅಂತಲ್ಲ. ನೂಲಿನ ಎಳೆಗಳ ನಡುವಿನ ಸಣ್ಣ ಸಂದುಗಳಲ್ಲಿ ಬೆವರು ಹರಿದು ಹೊರಮೈಗೆ ಬಂದು ಹರಡಿಕೊಂಡರೆ ಮಾತ್ರ ಅದು ಆರುತ್ತೆ. ಪರೀಕ್ಷೆ ಮನೆಯಲ್ಲೇ ಮಾಡಬಹುದು. ಬಟ್ಟೆಯ ಒಳಮೈ ಮೇಲೆ ಮಾಡಿ, ಒಂದು ಹನಿ ನೀರು ಬಿಡಿ. ಹನಿ ಮುತ್ತಿನ ಹಾಗೆ ಹಾಗೇ ಕೂತಿದ್ದರೆ ಆ ಬಟ್ಟೆ ಬೆವರಿಗೆ ಆಗಿಬರುವುದಿಲ್ಲ. ಕಣ್ಣ ಮುಂದೆಯೇ ಹರಡಿ ಅಗಲವಾದರೆ ಮುಂದಿನ ಮಾತು ಆಡಬಹುದು. ಆಮೇಲೆ ಅದೇ ಬಟ್ಟೆಯನ್ನು ಹತ್ತು ಸಲ ಒಗೆದು ಮತ್ತೆ ಹನಿ ಬಿಡಿ. ಮೇಲೆ ಹಚ್ಚಿದ ರಾಸಾಯನಿಕದಿಂದ ಮಾತ್ರ ಬೆವರು ಎಳೆಯುತ್ತಿದ್ದ ಬಟ್ಟೆಯ ಬಣ್ಣ ಅಲ್ಲಿ ಬಯಲಾಗುತ್ತೆ.

ಸ್ಟ್ರೆಚ್ ಅನ್ನುವ ಮಾತೂ ಅರ್ಧ ಮಾತೇ. ಸ್ಪ್ಯಾಂಡೆಕ್ಸ್ ಅನ್ನುವ ನೂಲು ಬಂದದ್ದು 1958ರಲ್ಲಿ, ಡುಪಾಂಟ್ ಕಂಪನಿಯ ಜೋಸೆಫ್ ಶಿವರ್ಸ್ ಅನ್ನುವ ರಸಾಯನ ವಿಜ್ಞಾನಿ ಕಂಡುಹಿಡಿದದ್ದು. ಲೈಕ್ರಾ ಅಂತ ನಾವು ಕರೆಯುವುದು ಅದೇ ನೂಲಿನ ಒಂದು ಬ್ರ್ಯಾಂಡ್ ಹೆಸರು. ಒಳ ಉಡುಪಿನ ರಬ್ಬರಿಗೆ ಬದಲಿ ಹುಡುಕುತ್ತಾ ಹುಟ್ಟಿದ ನೂಲು ಇವತ್ತು ಇಡೀ ಆಕ್ಟಿವ್‌ವೇರ್ ಹೊತ್ತು ನಿಂತಿದೆ. ಅದು ಎಷ್ಟು ಎಳೆಯುತ್ತೆ ಅಂತ ಎಲ್ಲರೂ ಕೇಳುತ್ತಾರೆ, ಎಳೆದು ಬಿಟ್ಟ ಮೇಲೆ ಎಷ್ಟು ವಾಪಸ್ ಬರುತ್ತೆ ಅಂತ ಕೇಳುವವರು ಕಡಿಮೆ. ನಾನು ಮಾಡುವುದು ಇಷ್ಟೆ. ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ 10 ಸೆಂಟಿಮೀಟರಿನ ಗೆರೆ ಹಾಕುತ್ತೇನೆ. 15ರ ತನಕ ಎಳೆದು ಒಂದು ನಿಮಿಷ ಹಿಡಿದು ಬಿಡುತ್ತೇನೆ. ಸ್ವಲ್ಪ ಹೊತ್ತು ಬಿಟ್ಟು ಅಳೆದಾಗ ಗೆರೆ 10ಕ್ಕೇ ಬಂದು ನಿಂತರೆ ಸರಿ. ಹತ್ತೂವರೆಗೆ ನಿಂತರೆ ಆ ಬಟ್ಟೆಯ ಲೆಗ್ಗಿಂಗಿನ ಮಂಡಿ ಸಂಜೆಯೊಳಗೆ ಚೀಲ ಆಗುತ್ತೆ. ಅಡ್ಡಕ್ಕೂ ಉದ್ದಕ್ಕೂ ಎರಡೂ ಕಡೆ ನೋಡಬೇಕು. ಇದಕ್ಕೆ ಯಾವ ಮೆಷೀನೂ ಬೇಡ, ಒಂದು ಟೇಪು, ಸ್ವಲ್ಪ ತಾಳ್ಮೆ ಸಾಕು.

ತೂಕದ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತೆ ಅನ್ನುವುದನ್ನೇ ನಾವು ಜಿಎಸ್‌ಎಂ ಅನ್ನುವುದು. ಓಡುವವರ ಟೀ ಶರ್ಟಿಗೆ 120ರಿಂದ 160, ಲೆಗ್ಗಿಂಗಿಗೆ 220ರಿಂದ 300ರ ಒಳಗೆ ಸಾಮಾನ್ಯ. ಆದರೆ ಜಿಎಸ್‌ಎಂ ಜಾಸ್ತಿ ಇದೆ ಅಂತ ಬಟ್ಟೆ ಪಾರದರ್ಶಕ ಆಗುವುದಿಲ್ಲ ಅಂದುಕೊಳ್ಳಬೇಡಿ. ಹೆಣಿಗೆ ಸಡಿಲ ಇದ್ದರೆ 280ರ ಬಟ್ಟೆಯೂ ಎಳೆದಾಗ ಬಾಯಿ ಬಿಡುತ್ತೆ.

ಇದನ್ನು ನೋಡಲು ಒಂದೇ ದಾರಿ, ಹಾಕಿಕೊಂಡು ಕುಕ್ಕರಗಾಲಲ್ಲಿ ಕೂರುವುದು. ನಮ್ಮಲ್ಲಿ ಕಿಟಕಿ ಪಕ್ಕ, ಬೆಳಕು ಬೀಳುವ ಜಾಗದಲ್ಲಿ ಇದನ್ನು ಮಾಡಿಸುತ್ತೇವೆ, ಹೆಂಗಸರು ಮಾತ್ರ ಇರುವ ಹೊತ್ತಿನಲ್ಲಿ, ಒಳಗೆ ಬಣ್ಣದ ಗೀರು ಇರುವ ಒಳಉಡುಪು ಹಾಕಿಸಿ. ನಿಂತಾಗ ಇಜ್ಜಲಿನ ಹಾಗೆ ಕಪ್ಪಗಿದ್ದ ಬಟ್ಟೆ ಕೂತಾಗ ಹಿಂಭಾಗದಲ್ಲಿ ಬೂದಿ ಬಣ್ಣಕ್ಕೆ ತಿರುಗುತ್ತೆ, ಆಮೇಲೆ ಒಳಗಿನ ಗೀರುಗಳು ಒಂದೊಂದಾಗಿ ಮೂಡುತ್ತವೆ. ಮೊದಲ ಸಲ ನೋಡಿದ ಹೊಸ ಡಿಸೈನರ್ ಒಬ್ಬರು ಬಾಯಿ ಮೇಲೆ ಕೈ ಇಟ್ಟುಕೊಂಡು ಹಾಗೇ ನಿಂತುಬಿಟ್ಟರು, ಬೊಂಬೆಯ ಮೇಲೆ ಅದನ್ನು ಅವರು ಮೂರು ಸಲ ನೋಡಿ ಒಪ್ಪಿಕೊಂಡಿದ್ದರು. ಇದು ಸಣ್ಣವರಿಗೆ ಮಾತ್ರ ಆಗುವ ತಪ್ಪೂ ಅಲ್ಲ. 2013ರಲ್ಲಿ ಲುಲುಲೆಮನ್ ಕಂಪನಿ ತನ್ನ ಕಪ್ಪು ಯೋಗ ಪ್ಯಾಂಟುಗಳನ್ನು ಇದೇ ಕಾರಣಕ್ಕೆ ಅಂಗಡಿಗಳಿಂದ ವಾಪಸ್ ತೆಗೆದುಕೊಂಡಿತ್ತು. ಅಷ್ಟು ದೊಡ್ಡ ಕಂಪನಿಗೇ ಹಾಗಾದ ಮೇಲೆ ನಾವು ನೀವು ಎಷ್ಟರವರು?

ಪ್ರಿಂಟ್ ಇರುವ ಲೆಗ್ಗಿಂಗಿನಲ್ಲಿ ಇನ್ನೊಂದು ಪೇಚು ಇದೆ. ಸಬ್ಲಿಮೇಶನ್ ಪ್ರಿಂಟ್ ಅನ್ನುವುದನ್ನು ಮಾಡುವುದು ಬಿಳಿ ಪಾಲಿಯೆಸ್ಟರ್ ಬಟ್ಟೆಯ ಮೇಲೆ, ಸುಮಾರು 200 ಡಿಗ್ರಿ ಬಿಸಿಯಲ್ಲಿ. ಬಣ್ಣ ಹೆಚ್ಚಾಗಿ ಮೇಲ್ಮೈಯ ನೂಲಿಗೇ ಇಳಿಯುತ್ತೆ, ಒಳಗಿನದು ಬೆಳ್ಳಗೇ ಉಳಿಯುತ್ತೆ. ತೊಡೆಯ ಹತ್ತಿರ ಬಟ್ಟೆ ಎಳೆದುಕೊಂಡಾಗ ಕಡು ನೀಲಿಯ ನಡುವೆ ಬಿಳಿ ಹಲ್ಲು ಕಿರಿಯುತ್ತೆ. ಕಂಪ್ಯೂಟರ್ ಪರದೆಯಲ್ಲಿ ಇದು ಯಾವತ್ತೂ ಕಾಣುವುದಿಲ್ಲ. ಅದಕ್ಕೇ ಪ್ರಿಂಟ್ ಆರಿಸುವಾಗ ಬಟ್ಟೆಯನ್ನು ಎರಡೂ ಕೈಯಲ್ಲಿ ಎಳೆದು ಹಿಡಿದು ನೋಡಿ ಆರಿಸಬೇಕು.

ಈಗ ನಾನೇ ಮಾಡಿದ ಒಂದು ತಪ್ಪು ಹೇಳುತ್ತೇನೆ, ಬರೀ ಬೇರೆಯವರನ್ನು ಬೈದರೆ ಚೆನ್ನಾಗಿರುವುದಿಲ್ಲ. ಕೆಲವು ವರ್ಷದ ಹಿಂದೆ ನೈಲಾನ್ ಸ್ಪ್ಯಾಂಡೆಕ್ಸ್ ಬಟ್ಟೆ ತಡವಾಗಿ ಬಂತು. ಸ್ಯಾಂಪಲ್ ಕೊಡುವ ದಿನ ಹತ್ತಿರ ಇತ್ತು. ರೋಲ್ ಬಿಚ್ಚಿದವರೇ ಹಾಸಿ ಕಟ್ ಮಾಡಿಬಿಟ್ಟೆವು. ಕಟಿಂಗ್ ಮಾಸ್ಟರ್ 'ಅಮ್ಮಾ, ಬಟ್ಟೆ ಸ್ವಲ್ಪ ಉಸಿರಾಡಲಿ' ಅಂತ ಹೇಳಿದ್ದರು, ನಾನೇ ಕೇಳಲಿಲ್ಲ. ಮಾರನೇ ಬೆಳಿಗ್ಗೆ ಕತ್ತರಿಸಿದ ತುಂಡಿನ ಮೇಲೆ ಪ್ಯಾಟರ್ನ್ ಪೇಪರ್ ಇಟ್ಟರೆ ಕಾಲಿನ ಉದ್ದ 2 ಸೆಂಟಿಮೀಟರ್ ಗಿಡ್ಡ. ರಾತ್ರಿ ಯಾರೂ ಬಂದು ಕತ್ತರಿಸಿಲ್ಲ. ಮಿಲ್ಲಿನಲ್ಲಿ ಬಿಗಿಯಾಗಿ ಎಳೆದು ಸುತ್ತಿದ ಬಟ್ಟೆ, ಬಿಡುಗಡೆ ಸಿಕ್ಕಿದ ತಕ್ಷಣ ತನ್ನ ನಿಜವಾದ ಅಳತೆಗೆ ಹೋಗಿ ಕೂತಿತ್ತು. ಸ್ಪ್ಯಾಂಡೆಕ್ಸ್ ಬಟ್ಟೆಯನ್ನು ರೋಲಿನಿಂದ ಬಿಚ್ಚಿ, ಸಡಿಲವಾಗಿ ಮಡಚಿ, ಕನಿಷ್ಠ 24 ಗಂಟೆ ಹಾಗೇ ಬಿಡಬೇಕು ಅನ್ನುವುದು ಈ ಕೆಲಸದ ಮೊದಲ ಪಾಠಗಳಲ್ಲಿ ಒಂದು. ಅವತ್ತು ಎಂಟು ವರ್ಷದ ಅನುಭವದವಳು ನಾನು ಅದನ್ನೇ ಬಿಟ್ಟೆ. ಬಟ್ಟೆ ಮತ್ತೆ ತರಿಸಿದ್ದಾಯ್ತು. ಉಳಿಸಲು ಹೋದ ಒಂದು ದಿನಕ್ಕೆ ಎರಡು ವಾರ ಕೊಟ್ಟ ಹಾಗಾಯ್ತು. ಕಟಿಂಗ್ ಮಾಸ್ಟರ್ ಏನೂ ಅನ್ನಲಿಲ್ಲ, ಅದೇ ಜಾಸ್ತಿ ಚುಚ್ಚಿತು.

ಪ್ಯಾಟರ್ನಿನ ಬಗ್ಗೆ ಹೊರಗಿನವರಿಗೆ ಆಶ್ಚರ್ಯ ಅನ್ನಿಸುವ ಸಂಗತಿ ಒಂದಿದೆ. ಮಾಮೂಲಿ ಪ್ಯಾಂಟನ್ನು ಮೈಯ ಅಳತೆಗಿಂತ ದೊಡ್ಡದಾಗಿ ಹೊಲಿಯುತ್ತೇವೆ, ಲೆಗ್ಗಿಂಗನ್ನು ಚಿಕ್ಕದಾಗಿ. ಹಿಂಭಾಗದ ಸುತ್ತಳತೆ 100 ಸೆಂಟಿಮೀಟರ್ ಇರುವವರ ಲೆಗ್ಗಿಂಗನ್ನು ಮೇಜಿನ ಮೇಲಿಟ್ಟು ಅಳೆದರೆ 80ರಿಂದ 85 ಇರಬಹುದು. ಎಷ್ಟು ಕಡಿಮೆ ಮಾಡಬೇಕು ಅನ್ನುವುದು ಬಟ್ಟೆ ಎಷ್ಟು ಎಳೆಯುತ್ತೆ, ಎಷ್ಟು ಗಟ್ಟಿ ಹಿಡಿಯುತ್ತೆ ಅನ್ನುವುದರ ಮೇಲೆ. ಅಂದರೆ ಬಟ್ಟೆ ಬದಲಾದರೆ ಪ್ಯಾಟರ್ನೂ ಬದಲಾಗಬೇಕು. ಹೋದ ಸಲದ ಪ್ಯಾಟರ್ನ್ ಚೆನ್ನಾಗಿತ್ತು, ಅದನ್ನೇ ಈ ಹೊಸ ಬಟ್ಟೆಗೆ ಹಾಕಿಬಿಡಿ ಅನ್ನುವವರಿಗೆ ನಾನು ಕೈ ಮುಗಿಯುತ್ತೇನೆ.

ಕೂತಾಗ ಸೊಂಟಪಟ್ಟಿ ಹಿಂದಿನಿಂದ ಜಾರುತ್ತೆ ಅನ್ನುವುದು ಎಲ್ಲರ ದೂರು. ಎಲ್ಲರೂ ಎಲಾಸ್ಟಿಕ್ ಬಿಗಿ ಮಾಡಿ ಅನ್ನುತ್ತಾರೆ. ಬಿಗಿ ಮಾಡಿದರೆ ಹೊಟ್ಟೆ ಮೇಲೆ ಗೆರೆ ಬೀಳುತ್ತೆ, ಜಾರುವುದು ನಿಲ್ಲುವುದಿಲ್ಲ. ಬಗ್ಗಿದಾಗ ಬೆನ್ನಿನ ಕೆಳಭಾಗದ ಉದ್ದ ಜಾಸ್ತಿಯಾಗುತ್ತೆ, ಪ್ಯಾಂಟಿನ ಹಿಂಭಾಗದಲ್ಲಿ ಅಷ್ಟು ಉದ್ದ ಇಲ್ಲದಿದ್ದರೆ ಪಾಪ ಪಟ್ಟಿ ಕೆಳಗೆ ಬರದೆ ಇನ್ನೇನು ಮಾಡುತ್ತೆ? ಹಿಂಭಾಗವನ್ನು ಮುಂಭಾಗಕ್ಕಿಂತ ಎತ್ತರ ಮಾಡಬೇಕು. ಕಾಲುಗಳು ಸೇರುವ ಜಾಗದಲ್ಲಿ ನಾಲ್ಕು ಹೊಲಿಗೆ ಒಂದೇ ಬಿಂದುವಿಗೆ ಬಂದು ಸೇರಬಾರದು, ಅಲ್ಲಿ ವಜ್ರದ ಆಕಾರದ ಒಂದು ತುಂಡು ಕೂರಿಸಬೇಕು. ಗಸೆಟ್ ಅನ್ನುತ್ತೇವೆ. ಅಂಗೈಗಿಂತ ಸಣ್ಣ ತುಂಡು. ಆದರೆ ಅದಿಲ್ಲದ ಲೆಗ್ಗಿಂಗ್ ಅಗಲವಾಗಿ ಕಾಲು ಚಾಚಿದಾಗ ಬಿರಿಯುವುದು ಸರಿಯಾಗಿ ಅಲ್ಲೇ. ಖರ್ಚು ಉಳಿಸಬೇಕು ಅಂತ ಬಂದವರು ಮೊದಲು ತೆಗೆಯಿರಿ ಅನ್ನುವುದೂ ಅದನ್ನೇ!

ಹೊಲಿಗೆಯಲ್ಲಿ ಹೆಸರಿನ ಗೊಂದಲವೂ ಇದೆ. ಎಷ್ಟೋ ಯೂನಿಟ್ಟುಗಳಲ್ಲಿ ಟೀ ಶರ್ಟಿನ ಅಂಚು ಮಡಚಿ ಹೊಲಿಯುವ ಮೆಷೀನನ್ನೇ ಫ್ಲಾಟ್‌ಲಾಕ್ ಅನ್ನುತ್ತಾರೆ. ನಿಜವಾದ ಫ್ಲಾಟ್‌ಲಾಕಿನಲ್ಲಿ 4 ಸೂಜಿ, 6 ದಾರ ಇರುತ್ತವೆ, ಎರಡು ತುಂಡಿನ ಅಂಚುಗಳನ್ನು ಒಂದರ ಪಕ್ಕ ಒಂದಿಟ್ಟು ಚಪ್ಪಟೆಯಾಗಿ ಕೂಡಿಸುತ್ತೆ. ಒಳಗೆ ಏಣು ಇರುವುದಿಲ್ಲ, ಹಾಗಾಗಿ ಒಂದು ಗಂಟೆ ಓಡಿದರೂ ತೊಡೆಯ ಒಳಭಾಗ ಉರಿಯುವುದಿಲ್ಲ. ಟೆಕ್ ಪ್ಯಾಕಿನಲ್ಲಿ, ಅಂದರೆ ಹೊಲಿಯುವವರಿಗೆ ಕಳಿಸುವ ವಿವರದ ಪಟ್ಟಿಯಲ್ಲಿ, ಬರೀ 'ಫ್ಲಾಟ್‌ಲಾಕ್' ಅಂತ ಬರೆದು ಕಳಿಸಿ, ಬಂದ ಸ್ಯಾಂಪಲ್ ನೋಡಿ ಜಗಳ ಆಡಿದವರಿದ್ದಾರೆ. ಎಷ್ಟು ಸೂಜಿ, ಎಷ್ಟು ದಾರ ಅಂತ ಬರೆಯಿರಿ, ಚಿತ್ರ ಅಂಟಿಸಿ. ಇನ್ನು ಸೂಜಿ. ಮೊನೆ ದುಂಡಗಿರುವ ಬಾಲ್‌ಪಾಯಿಂಟ್ ಸೂಜಿ ನೂಲನ್ನು ಪಕ್ಕಕ್ಕೆ ಸರಿಸಿ ಇಳಿಯುತ್ತೆ, ಚೂಪು ಸೂಜಿ ಸ್ಪ್ಯಾಂಡೆಕ್ಸ್ ಎಳೆಯನ್ನೇ ತುಂಡರಿಸುತ್ತೆ. ಅವತ್ತು ಏನೂ ಕಾಣುವುದಿಲ್ಲ. ನಾಲ್ಕು ಸಲ ಒಗೆದ ಮೇಲೆ ಹೊಲಿಗೆಯ ಪಕ್ಕ ಸಣ್ಣ ಬಿಳಿ ಮೀಸೆ ಏಳುತ್ತವೆ. ಹೊಲಿದ ಪ್ರತಿ ಸ್ಯಾಂಪಲನ್ನೂ ಹೊಲಿಗೆಯ ಉದ್ದಕ್ಕೆ ಜೋರಾಗಿ ಎಳೆದು, ಕಿವಿ ಹತ್ತಿರ ಇಟ್ಟುಕೊಳ್ಳುವುದು ನನ್ನ ಅಭ್ಯಾಸ. ದಾರ ಕಡಿದರೆ ಸಣ್ಣಗೆ ಟಿಕ್ ಅನ್ನುತ್ತೆ. ಒಂದು ಟಿಕ್ ಕೇಳಿಸಿದರೂ ಸ್ಯಾಂಪಲ್ ವಾಪಸ್.

ಲೇಖನದಲ್ಲಿ 'ಸ್ಪೋರ್ಟ್ಸ್ ಬ್ರಾದಿಂದ ಶುರು ಮಾಡಿ, ಬಟ್ಟೆ ಕಡಿಮೆ ಬೇಕು' ಅಂತ ಸಲಹೆ ಇತ್ತು. ಓದಿ ನಕ್ಕುಬಿಟ್ಟೆ. ಬಟ್ಟೆ ಕಡಿಮೆ, ನಿಜ. ಆದರೆ ಇಡೀ ಕಲೆಕ್ಷನ್ನಿನಲ್ಲಿ ಅದಕ್ಕಿಂತ ಕಷ್ಟದ ತುಂಡು ಇಲ್ಲ. ಮೊದಲ ಸ್ಪೋರ್ಟ್ಸ್ ಬ್ರಾ ಹುಟ್ಟಿದ್ದು 1977ರಲ್ಲಿ, ಅಮೆರಿಕದ ವರ್ಮಾಂಟ್‌ನಲ್ಲಿ. ಲೀಸಾ ಲಿಂಡಾಲ್, ಪಾಲಿ ಸ್ಮಿತ್, ಹಿಂಡಾ ಮಿಲ್ಲರ್ ಅನ್ನುವ ಮೂವರು ಹೆಂಗಸರು ಆಟದ ಹೊತ್ತಿನಲ್ಲಿ ಗಂಡಸರು ಒಳಗೆ ಹಾಕಿಕೊಳ್ಳುವ ಎರಡು ಜಾಕ್‌ಸ್ಟ್ರಾಪ್‌ಗಳನ್ನು ಕೂಡಿಸಿ ಹೊಲಿದು ಮೊದಲ ಮಾದರಿ ಮಾಡಿದರು. ಓಡುವಾಗ ಆಗುವ ನೋವು ಗೊತ್ತಿದ್ದವರು ಮಾಡಿದ ಬಟ್ಟೆ, ಹಾಕಿಕೊಂಡು ಓಡಿ ನೋಡಿ ಮಾಡಿದ್ದು. ಆಮೇಲೆ ಇಂಗ್ಲೆಂಡಿನ ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದವರು ವರ್ಷಗಟ್ಟಲೆ ಅಳೆದು ಹೇಳಿದ್ದು ಏನೆಂದರೆ, ಓಡುವಾಗ ಸ್ತನಗಳ ಚಲನೆ ಬರೀ ಮೇಲೆ ಕೆಳಗೆ ಅಲ್ಲ, ಪಕ್ಕಕ್ಕೂ, ಮುಂದಕ್ಕೆ ಹಿಂದಕ್ಕೂ ಇರುತ್ತೆ, ಇಂಗ್ಲಿಷ್ ಎಂಟರ ಆಕಾರದಲ್ಲಿ. ಆ ಮೂರೂ ದಿಕ್ಕನ್ನು ಹಿಡಿಯಬೇಕು, ಉಸಿರಾಟಕ್ಕೆ ಅಡ್ಡಿ ಆಗಬಾರದು, ಭುಜದ ಪಟ್ಟಿ ಕೊರೆಯಬಾರದು, ಬೆವರಿದ ಮೈಯಿಂದ ಬಿಚ್ಚಲೂ ಬರಬೇಕು. ಎಸ್ ಸೈಜಿಗೆ ಸರಿಹೋದ ವಿನ್ಯಾಸ ಡಬಲ್ ಎಕ್ಸ್ ಎಲ್‌ಗೆ ಹೋಗುವ ಹೊತ್ತಿಗೆ ಕೆಲಸಕ್ಕೇ ಬರುವುದಿಲ್ಲ, ಒಳಗೆ ಬೇರೆ ಪದರ, ಅಗಲದ ಪಟ್ಟಿ, ಬೇರೆ ಎಲಾಸ್ಟಿಕ್ ಬೇಕು. ಮೊದಲ ಕಲೆಕ್ಷನ್ನಿನಲ್ಲಿ ಇದನ್ನು ಬಿಟ್ಟರೆ ಯಾರೂ ಬೈಯುವುದಿಲ್ಲ. ಮಾಡಲೇಬೇಕು ಅಂದರೆ ಯೋಗಕ್ಕೆ ಸಾಕಾಗುವ ಮೆತ್ತನೆಯದನ್ನು ಮಾಡಿ, ಲೇಬಲ್ಲಿನಲ್ಲಿ ಹಾಗೇ ಬರೆಯಿರಿ. ಓಡಲು ಆಗುತ್ತೆ ಅಂತ ಸುಳ್ಳು ಹೇಳಬೇಡಿ.

ಸೈಜಿನ ಮಾತು ಬಂತಲ್ಲ, ಅಲ್ಲೂ ಒಂದು ಕಳ್ಳದಾರಿ ಇದೆ. ಎಂ ಸೈಜ್ ಸ್ಯಾಂಪಲ್ ಮಾತ್ರ ಹೊಲಿದು, ಉಳಿದದ್ದನ್ನು ಕಂಪ್ಯೂಟರಿನಲ್ಲಿ ಹಿಗ್ಗಿಸಿ ಕುಗ್ಗಿಸಿ ಕಳಿಸಿಬಿಡುವುದು. ಮೈ ದಪ್ಪ ಆದ ಹಾಗೆ ಕಾಲಿನ ಉದ್ದ ಅದೇ ಲೆಕ್ಕದಲ್ಲಿ ಬೆಳೆಯಲ್ಲ ಅಲ್ವಾ? ಎಲ್ಲಾ ಸೈಜಿನದ್ದೂ ಒಂದೊಂದು ಹೊಲಿದು, ಆಯಾ ಮೈಯವರಿಗೇ ಹಾಕಿಸಿ ನೋಡಬೇಕು. ಸೈಜ್ ಸೆಟ್ ಅನ್ನುವುದು ಅದಕ್ಕೇ ಇರುವುದು.

ಬೆವರಿನ ವಿಷಯಕ್ಕೆ ವಾಪಸ್ ಬರುತ್ತೇನೆ. ಬೊಂಬೆ ಬೆವರದಿದ್ದರೂ ಲ್ಯಾಬಿನವರು ಬೆವರನ್ನೇ ತಯಾರಿಸುತ್ತಾರೆ! ಉಪ್ಪು, ಹಿಸ್ಟಿಡಿನ್ ಅನ್ನುವ ಅಮೈನೊ ಆಮ್ಲ ಎಲ್ಲಾ ಕಲಸಿದ ನೀರು, ಒಂದು ಆಮ್ಲೀಯ, ಒಂದು ಕ್ಷಾರೀಯ. ಅದರಲ್ಲಿ ಬಟ್ಟೆ ನೆನೆಸಿ, ಪಕ್ಕಕ್ಕೆ ಬಿಳಿ ಬಟ್ಟೆ ಇಟ್ಟು ಒತ್ತಿ, 37 ಡಿಗ್ರಿಯಲ್ಲಿ 4 ಗಂಟೆ ಬಿಡುತ್ತಾರೆ. ಬಿಳಿ ಬಟ್ಟೆಗೆ ಬಣ್ಣ ಎಷ್ಟು ಇಳಿಯಿತು ಅಂತ ನೋಡಿ 1ರಿಂದ 5ರ ತನಕ ಅಂಕ. 5 ಅಂದರೆ ಒಂಚೂರೂ ಇಳಿದಿಲ್ಲ ಅಂತ. ಐಎಸ್‌ಒ 105 ಇ04 ಅನ್ನುವ ಪರೀಕ್ಷೆ ಇದು, ಹೆಸರು ನೆನಪಿಟ್ಟುಕೊಂಡು ಬಟ್ಟೆ ಕೊಡುವವರ ಹತ್ತಿರ ರಿಪೋರ್ಟ್ ಕೇಳಿ. ಉಜ್ಜಿದಾಗ ಬಣ್ಣ ಬಿಡುತ್ತಾ, ಜೂಲು ಏಳುತ್ತಾ, ಒಗೆದಾಗ ಎಷ್ಟು ಕುಗ್ಗುತ್ತೆ, ಈ ರಿಪೋರ್ಟುಗಳೂ ಜೊತೆಗೇ ಬೇಕು. ಮಿಣುಗುವ ನಿಯಾನ್ ಬಣ್ಣ ಆರಿಸಿದ್ದರೆ ಬಿಸಿಲಿಗೆ ಮಾಸುತ್ತಾ ಅಂತಲೂ ನೋಡಿ, ಆ ಬಣ್ಣಗಳಿಗೆ ಬಿಸಿಲು ತಡೆಯುವ ತಾಕತ್ತು ಕಡಿಮೆ.

ಲ್ಯಾಬಿನಲ್ಲಿ ಪಾಸಾದ ಮಾತ್ರಕ್ಕೆ ನಿಶ್ಚಿಂತೆ ಅಂತಲೂ ಇಲ್ಲ. ಒಂದು ಸಲ ಕಡು ಮೆರೂನ್ ಪಾಲಿಯೆಸ್ಟರ್ ಟಾಪಿನ ಎದೆ ಮೇಲೆ ಬಿಳಿ ಲೋಗೊವನ್ನು ಬಿಸಿ ಪ್ರೆಸ್ಸಿನಲ್ಲಿ ಅಂಟಿಸಿದ್ದೆವು. ಹಾಲಿನ ಹಾಗೆ ಬೆಳ್ಳಗಿತ್ತು. ಡಬ್ಬದಲ್ಲಿ ತುಂಬಿ ಇಟ್ಟು ಮೂರು ವಾರಕ್ಕೆ ತೆಗೆದರೆ ಲೋಗೊ ಗುಲಾಬಿ. ಎಲ್ಲಾ ತುಂಡೂ ಒಂದೇ ಸಮನೆ ಗುಲಾಬಿ ಆಗಿದ್ದರೆ 'ಇದೇ ಡಿಸೈನು' ಅಂತ ಹೇಳಬಹುದಿತ್ತೇನೋ, ಒಂದೊಂದು ಒಂದೊಂದು ಥರ ಆಗಿತ್ತು. ಪಾಲಿಯೆಸ್ಟರಿನ ಬಣ್ಣ ಬಿಸಿಗೆ ಎದ್ದು ಬಂದು ಮೇಲಿನ ಬಿಳಿಯೊಳಗೆ ಸೇರಿಕೊಳ್ಳುತ್ತೆ, ಡಬ್ಬದಲ್ಲಿ ಕೂತಾಗಲೂ ನಿಧಾನವಾಗಿ ಏರುತ್ತಲೇ ಇರುತ್ತೆ. ಕಡಿಮೆ ಬಿಸಿಯಲ್ಲಿ ಅಂಟುವ, ಬಣ್ಣ ತಡೆಯುವ ಪದರ ಇರುವ ಸ್ಟಿಕ್ಕರ್ ತೆಗೆದುಕೊಳ್ಳಬೇಕಿತ್ತು. ಅವತ್ತಿನಿಂದ ಪ್ರತಿ ಲೋಗೊ ಸ್ಯಾಂಪಲನ್ನೂ ಬಿಸಿ ಜಾಗದಲ್ಲಿ ಮಡಚಿಟ್ಟು ಕಾಯುತ್ತೇವೆ.

ವಾಸನೆಯ ಬಗ್ಗೆ ಯಾರೂ ಬರೆಯುವುದಿಲ್ಲ, ನಾಚಿಕೆಯೋ ಏನೋ. ಬೆಲ್ಜಿಯಂನ ಗೆಂಟ್ ವಿಶ್ವವಿದ್ಯಾಲಯದವರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವ್ಯಾಯಾಮ ಮಾಡಿ ಬೆವರಿದವರ ಟೀ ಶರ್ಟುಗಳನ್ನು ಮೂಸಿ ನೋಡಿಸಿದಾಗ ಹತ್ತಿಗಿಂತ ಪಾಲಿಯೆಸ್ಟರಿನ ವಾಸನೆಯೇ ಕೆಟ್ಟದಾಗಿತ್ತು. ಮೈಕ್ರೊಕಾಕಸ್ ಅನ್ನುವ ಬ್ಯಾಕ್ಟೀರಿಯಾ ಪಾಲಿಯೆಸ್ಟರ್ ಮೇಲೆ ಚೆನ್ನಾಗಿ ಬೆಳೆಯುತ್ತೆ ಅಂತ ಕಂಡುಬಂತು. ಬೇಗ ಒಣಗುವ ಬಟ್ಟೆ ಬೇಕು ಅಂದರೆ ಈ ಬಾಧೆಯೂ ಜೊತೆಗೆ ಬರುತ್ತೆ. 'ವಾಸನೆ ಬರುವುದೇ ಇಲ್ಲ' ಅಂತ ಲೇಬಲ್ ಹಚ್ಚುವ ಮುಂಚೆ, ಅದೇ ಟೀ ಶರ್ಟನ್ನು ತಿಂಗಳುಗಟ್ಟಲೆ ಹಾಕಿಸಿ, ಒಗೆಸಿ, ಕಂಕುಳ ಭಾಗವನ್ನು ಮೂಸಿ ನೋಡಿ. ನಾವು ನೋಡುತ್ತೇವೆ, ನಗಬೇಡಿ. ಒಗೆಯುವಾಗ ಫ್ಯಾಬ್ರಿಕ್ ಸಾಫ್ಟ್‌ನರ್ ಹಾಕಬಾರದು ಅಂತಲೂ ಲೇಬಲ್ಲಿನಲ್ಲಿ ಇರಲಿ, ಅದು ನೂಲಿನ ಮೇಲೆ ಪದರ ಕಟ್ಟಿ ಬೆವರು ಹರಿಯುವುದನ್ನು ತಡೆಯುತ್ತೆ. ಕಂಪ್ರೆಷನ್, ಅಂದರೆ ಮೈಯನ್ನು ಒತ್ತಿ ಹಿಡಿಯುವುದು, ಅನ್ನುವ ಪದವನ್ನೂ ಸುಮ್ನೆ ಬಳಸುತ್ತಾರೆ. ವೈದ್ಯರು ಹೇಳುವ ಕಂಪ್ರೆಷನ್ ಕಾಲುಚೀಲಕ್ಕೆ ಒತ್ತಡದ ಅಳತೆ ಇರುತ್ತೆ, ನಮ್ಮದು ಬರೀ ಬಿಗಿ ಪ್ಯಾಂಟು. ಮರುಬಳಕೆ ಪಾಲಿಯೆಸ್ಟರ್ ಬಳಸುವುದು ಒಳ್ಳೆಯದೇ, ಆದರೆ ಒಗೆದಾಗ ಅದರಿಂದಲೂ ಸಣ್ಣ ಪ್ಲಾಸ್ಟಿಕ್ ಎಳೆಗಳು ನೀರಿಗೆ ಹೋಗುತ್ತವೆ.

ಇಷ್ಟೆಲ್ಲಾ ಹೇಳಿದ ಮೇಲೆ ಕ್ಯಾಲೆಂಡರ್ ಬಗ್ಗೆ ಹೇಳದಿದ್ದರೆ ಹೇಗೆ. ನಿಮ್ಮ ಲೇಖನದ ಮೂರು ತಿಂಗಳ ಪಟ್ಟಿಯಲ್ಲಿ ಫೋಟೊಶೂಟಿಗೆ ಎರಡು ವಾರ ಇತ್ತು, ಹಾಕಿಕೊಂಡು ನೋಡುವುದಕ್ಕೆ ಒಂದು ದಿನವೂ ಇರಲಿಲ್ಲ. ಬಟ್ಟೆ ಹುಡುಕುವುದು, ಲ್ಯಾಬ್ ಡಿಪ್, ಅಂದರೆ ಬಣ್ಣ ಹಾಕಿ ಕಳಿಸುವ ಬಟ್ಟೆಯ ಸಣ್ಣ ಮಾದರಿ ಒಪ್ಪುವುದು, ಮೊದಲ ಸ್ಯಾಂಪಲ್, ಮೈಗೆ ಕೂರುತ್ತಾ ಅಂತ ನೋಡುವ ಫಿಟ್ ಸ್ಯಾಂಪಲ್, ಸೈಜ್ ಸೆಟ್, ಕೊನೆಗೆ ಉತ್ಪಾದನೆಗೆ ಮುಂಚಿನ ಪಿಪಿ ಸ್ಯಾಂಪಲ್, ಇವು ಒಂದರ ಹಿಂದೆ ಒಂದು ಬರುವ ಕೆಲಸಗಳು. ಲ್ಯಾಬ್ ಡಿಪ್ ಎರಡು ಸಲ ವಾಪಸ್ ಹೋಗುವುದಂತೂ ಮಾಮೂಲಿ. ಫಿಟ್ ಸ್ಯಾಂಪಲ್ ಒಪ್ಪಿದ ಮೇಲೆ, ಸೈಜ್ ಸೆಟ್‌ಗೆ ಹೋಗುವ ಮುಂಚೆ, ನಾನು 6 ವಾರ ಕೇಳುತ್ತೇನೆ. ಹತ್ತು ಜನ, ಬೇರೆ ಬೇರೆ ಮೈಯವರು, ಹಾಕಿಕೊಂಡು ವ್ಯಾಯಾಮ ಮಾಡಬೇಕು, ಒಗೆಯಬೇಕು, ಮತ್ತೆ ಹಾಕಿಕೊಳ್ಳಬೇಕು. 'ಹೇಗಿದೆ' ಅಂತ ಕೇಳಿದರೆ ಎಲ್ಲರೂ 'ಚೆನ್ನಾಗಿದೆ' ಅಂತಲೇ ಹೇಳುತ್ತಾರೆ, ಸ್ನೇಹದಲ್ಲಿ. ಅದಕ್ಕೇ ನಾವು ಹಾಗೆ ಕೇಳುವುದಿಲ್ಲ. ಎಷ್ಟು ಸಲ ಸೊಂಟಪಟ್ಟಿ ಮೇಲೆ ಎಳೆದುಕೊಂಡಿರಿ? ಎಲ್ಲಿ ಕೆಂಪಗಾಯ್ತು? ಈ ವಾರ ಇದನ್ನು ಬಿಟ್ಟು ಹಳೆಯ ಪ್ಯಾಂಟನ್ನೇ ಎಷ್ಟು ಸಲ ಹಾಕಿಕೊಂಡಿರಿ? ಕೊನೆಯ ಪ್ರಶ್ನೆಗೆ ಬರುವ ಉತ್ತರ ಸ್ವಲ್ಪ ಕಹಿ, ಆದರೆ ನನಗೆ ಅದೇ ಮುಖ್ಯ.

ಆ 6 ವಾರದಲ್ಲಿ ಬಣ್ಣ, ಹೆಸರು, ಲೋಗೊ ಎಲ್ಲಾ ಕೂತು ಯೋಚಿಸಬಹುದು, ಬೇಡ ಅಂದವರು ಯಾರು. ನನಗೂ ಚೆಂದದ ಬಣ್ಣ ಇಷ್ಟವೇ.

ಕೊನೆಗೆ ನಿಮ್ಮಲ್ಲಿ ಒಂದು ಕೋರಿಕೆ. ಲೇಖನದ ಜೊತೆ ಹಾಕಿದ್ದ ಫೋಟೊದಲ್ಲಿ ಹುಡುಗಿ ಕೈ ಕಟ್ಟಿಕೊಂಡು, ಮೈಯಲ್ಲಿ ಒಂದು ಹನಿ ಬೆವರಿಲ್ಲದೆ, ನೆಟ್ಟಗೆ ನಿಂತು ನಗುತ್ತಿದ್ದಳು. ಮುಂದಿನ ಸಲ ಈ ವಿಷಯ ಬರೆಸಿದಾಗ ದಯವಿಟ್ಟು ಓಡಿ ಸುಸ್ತಾಗಿ ಮಂಡಿ ಮೇಲೆ ಕೈ ಊರಿ ನಿಂತವರ ಫೋಟೊ ಹಾಕಿ. ಸೊಂಟಪಟ್ಟಿ ಎಲ್ಲಿದೆ ಅಂತ ನಾನು ಇಲ್ಲಿಂದಲೇ ನೋಡುತ್ತೇನೆ.

ಇಂತಿ,
ಒಬ್ಬ ಸ್ಯಾಂಪಲ್ ರೂಮ್ ಕೆಲಸಗಾರ್ತಿ